ಆರಿದ್ರಾ ಎಲ್ಲಿದೆ? ಪಿಲಿಕುಳ, ಬೆಂಗಳೂರು, ಮತ್ತೆ ನಮ್ಮ ಗದ್ದೆ

ಶಿವಮೊಗ್ಗದಲ್ಲಿ ಇದ್ದುಕೊಂಡು ಮಕ್ಕಳಿಗೆ ದೊಡ್ಡ ತಾರಾಲಯ ತೋರಿಸಬೇಕು ಅಂದರೆ ನಮ್ಮ ಮುಂದೆ ಇದ್ದದ್ದು ಎರಡು ದಾರಿ. ಆಗುಂಬೆ ಘಟ್ಟ ಇಳಿದು ಮಂಗಳೂರು ಪಕ್ಕದ ಪಿಲಿಕುಳಕ್ಕೆ ಹೋಗಬೇಕು, ಇಲ್ಲ ಬೆಳಗಿನ ಜನಶತಾಬ್ದಿ ಹಿಡಿದು ಬೆಂಗಳೂರಿಗೆ ಹೋಗಬೇಕು. 2024ರಲ್ಲಿ ಎರಡಕ್ಕೂ ಹೋಗಿ ಬಂದೆವು. ಅದಕ್ಕೂ ಮೊದಲು ಮಗಳ ಶಾಲೆಗೆ ಬಂದಿದ್ದ ಗಾಳಿ ಗುಮ್ಮಟದೊಳಗೆ, ಅಂದರೆ ಗಾಳಿ ತುಂಬಿ ನಿಲ್ಲಿಸುವ ಸಂಚಾರಿ ತಾರಾಲಯದೊಳಗೆ ಕೂತಿದ್ದೆವು. ಕೊನೆಗೆ ತೀರ್ಥಹಳ್ಳಿ ಹತ್ತಿರದ ನಮ್ಮೂರ ಗದ್ದೆಯಲ್ಲಿ ಚಾಪೆ ಹಾಸಿಕೊಂಡೂ ನೋಡಿದೆವು.

ನಾವು ಐದು ಜನ. ನಾನು, ನಮ್ಮ ಮನೆಯವರು, 9 ವರ್ಷದ ಮಗಳು, 5 ವರ್ಷದ ಮಗ, 72 ವರ್ಷದ ನಮ್ಮ ಅತ್ತೆ. ಈ ತಿರುಗಾಟಕ್ಕೆಲ್ಲ ಕಾರಣ ಅತ್ತೆ ಕೇಳಿದ ಒಂದು ಪ್ರಶ್ನೆ.

ಆಗಸ್ಟಿನಲ್ಲಿ ಶಾಲೆಯ ಹಾಲ್‌ನಲ್ಲಿ ಬೂದು ಬಟ್ಟೆಯ ಗುಮ್ಮಟ ನಿಲ್ಲಿಸಿದ್ದರು. ಒಂದು ಮೂಲೆಯಲ್ಲಿ ದೊಡ್ಡ ಫ್ಯಾನು ಗಾಳಿ ತುಂಬುತ್ತಲೇ ಇರುತ್ತೆ. ಅದು ನಿಂತರೆ ಗುಮ್ಮಟ ಕುಸಿಯುತ್ತೆ. ಬಟ್ಟೆಯ ಕೊಳವೆಯಲ್ಲಿ ಬಗ್ಗಿ ನುಸುಳಿ ಒಳಗೆ ಹೋಗಿ ನೆಲದ ಮೇಲೆ ಕೂರಬೇಕು. ಮಕ್ಕಳಿಗೆ ಆ ನುಸುಳುವುದೇ ಹಬ್ಬ. ಹೊರಗೆ ಜಡಿಮಳೆ, ಒಳಗೆ ಬೆವರು. ಫ್ಯಾನಿನ ಸದ್ದಿಗೆ ವಿವರಣೆ ಅರ್ಧ ಕೇಳಿಸಲಿಲ್ಲ. ಇಪ್ಪತ್ತು ನಿಮಿಷದಲ್ಲಿ ಹತ್ತು ನಿಮಿಷ ಮಂಗಳ ಗ್ರಹದ ಸಿನಿಮಾ ಇತ್ತು. ನಕ್ಷತ್ರ ಹಾಕಿದ್ದು ಐದೇ ನಿಮಿಷ. ಆದರೂ ನನಗೆ ಅದು ಬೇಡ ಅನ್ನಿಸಲಿಲ್ಲ. ಊರು ಬಿಟ್ಟು ಎಲ್ಲೂ ಹೋಗದ ಮಕ್ಕಳೂ ಅವತ್ತು ತಲೆ ಎತ್ತಿ ಬಾಯಿ ತೆರೆದು ನೋಡಿದರು. ಇಂಥದ್ದು ನಿಮ್ಮ ಶಾಲೆಗೆ ಬಂದರೆ ಖಂಡಿತ ಕಳಿಸಿ.

ಅವತ್ತು ಸಂಜೆ ಮಗಳು ಊರಿಗೆ ಫೋನ್ ಮಾಡಿ "ಅಜ್ಜಿ, ನಾನು ನಕ್ಷತ್ರ ಎಲ್ಲ ನೋಡಿದೆ" ಅಂದಳು.

"ಆರಿದ್ರಾ ನೋಡಿದ್ಯೇನೇ ಪುಟ್ಟಿ?"

"ಅದು ಮಳೆ ಅಲ್ವಾ ಅಜ್ಜಿ?"

ಆ ಕಡೆ ಅತ್ತೆ ಸುಮ್ಮನಾದರು. ಆಮೇಲೆ, "ಮಳೆಯೇ. ಆದ್ರೆ ನಕ್ಷತ್ರದ ಹೆಸರು ಅಂತಾರಲ್ಲ. ನಾನು ಯಾವತ್ತೂ ಕಂಡಿಲ್ಲ" ಅಂದರು. ರೋಹಿಣಿ, ಮೃಗಶಿರ, ಆರಿದ್ರಾ, ಪುನರ್ವಸು, ಪುಷ್ಯ, ಆಶ್ಲೇಷ ಅಂತ ಮಳೆಯ ಲೆಕ್ಕದಲ್ಲೇ ಬಿತ್ತನೆ, ನಾಟಿ ಎಲ್ಲ ಮಾಡಿಸಿದವರು ಅವರು. ಯಾವ ಮಳೆ ಹಿಡಿದರೆ ಬಿಡುವುದಿಲ್ಲ, ಯಾವುದು ಕೈ ಕೊಡುತ್ತೆ ಅಂತ ಬಾಯಿಪಾಠ. ಆ ಹೆಸರಿನ ಚುಕ್ಕಿ ಮೇಲೆ ಎಲ್ಲಿದೆ ಅಂತ ಅವರಿಗೆ ಯಾರೂ ತೋರಿಸಿರಲಿಲ್ಲ. ನನಗೂ ಗೊತ್ತಿರಲಿಲ್ಲ. ಎಷ್ಟು ವರ್ಷದಿಂದ ಕ್ಯಾಲೆಂಡರಿನಲ್ಲಿ ಓದುತ್ತಿದ್ದೇನೆ! ಇವರನ್ನೂ ಕರೆದುಕೊಂಡೇ ಹೋಗಬೇಕು ಅಂತ ಅವತ್ತೇ ತೀರ್ಮಾನ ಆಯಿತು.

ದಸರಾ ರಜೆಯಲ್ಲಿ ಪಿಲಿಕುಳ. ಶಿವಮೊಗ್ಗದಿಂದ ತೀರ್ಥಹಳ್ಳಿ, ಆಗುಂಬೆ, ಹೆಬ್ರಿ, ಕಾರ್ಕಳ, ಮೂಡುಬಿದಿರೆ ಮೇಲೆ ಹೋದೆವು. ಘಟ್ಟದ 14 ತಿರುವುಗಳಲ್ಲಿ ಮಗ ಎರಡು ಸಲ ವಾಂತಿ ಮಾಡಿಕೊಂಡ. ಸಣ್ಣ ಮಕ್ಕಳಿದ್ದರೆ ಬೆಳಿಗ್ಗೆ ಹೊಟ್ಟೆ ತುಂಬ ತಿನ್ನಿಸಬೇಡಿ, ಘಟ್ಟದ ಬುಡದ ಸೋಮೇಶ್ವರಕ್ಕೆ ಇಳಿದ ಮೇಲೆ ತಿಂಡಿ ಕೊಡಿ. ನಿಲ್ಲಿಸಿ ನಿಲ್ಲಿಸಿ ಹೋಗಿದ್ದಕ್ಕೆ ಐದು ಗಂಟೆ ಮೇಲಾಯಿತು. ಕನ್ನಡದ ಶೋ ತಪ್ಪಿಹೋಗಿತ್ತು. ತಡ ನಮ್ಮದೇ. ಇಂಗ್ಲಿಷಿನದಕ್ಕೆ ಕೂತೆವು.

ತುಳುವಿನಲ್ಲಿ ಪಿಲಿ ಅಂದರೆ ಹುಲಿ, ಕುಳ ಅಂದರೆ ಕೊಳ. ಇಲ್ಲಿನ ಸ್ವಾಮಿ ವಿವೇಕಾನಂದ ತಾರಾಲಯ 2018ರಲ್ಲಿ ಶುರುವಾಯಿತು. ದೇಶದ ಮೊದಲ 3ಡಿ ತಾರಾಲಯ ಅಂತ ಅದಕ್ಕೆ ಹೆಸರು. ಗುಮ್ಮಟ 18 ಮೀಟರ್ ಅಗಲ. ಅದನ್ನು ಮುಂದಕ್ಕೆ 15 ಡಿಗ್ರಿ ಬಾಗಿಸಿ ಕಟ್ಟಿದ್ದಾರೆ. ಹಾಗಾಗಿ ಕತ್ತು ಜಾಸ್ತಿ ಎತ್ತಬೇಕಿಲ್ಲ, ಆಕಾಶ ಎದುರಿಗೇ ಬಂದು ನಿಲ್ಲುತ್ತೆ. ಕುತ್ತಿಗೆ ನೋವಿರುವ ಅತ್ತೆಗೆ ಇದು ದೊಡ್ಡ ಅನುಕೂಲ.

ಕನ್ನಡಕ ಹಾಕಿಕೊಂಡ ಮೇಲೆ ಗ್ರಹಗಳು ಪಕ್ಕದಲ್ಲೇ ಹಾದುಹೋದವು. ಮಗ ಕೈ ಚಾಚಿ ಹಿಡಿಯಲು ಹೋದ. ಅಪ್ಪನ ತೊಡೆ ಮೇಲೆ ಎದ್ದು ನಿಂತ. ಅಷ್ಟು ಖುಷಿ ಅವನಿಗೆ ಬೆಂಗಳೂರಿನಲ್ಲಿ ಆಗಲಿಲ್ಲ, ಇದನ್ನು ಒಪ್ಪಲೇಬೇಕು. ಅವನ ಸಣ್ಣ ಮುಖಕ್ಕೆ ಕನ್ನಡಕ ದೊಡ್ಡದಾಗಿ ಜಾರುತ್ತಿತ್ತು. ಹಿಂದಿನಿಂದ ಅವರಪ್ಪ ಒಂದು ಕೈಯಲ್ಲಿ ಹಿಡಿದುಕೊಂಡೇ ಇದ್ದರು.

ಆದರೆ ಅದು ಪ್ರಯಾಣದ ಅನುಭವ. ನಾವು ಭೂಮಿ ಬಿಟ್ಟು ಎಲ್ಲೆಲ್ಲೋ ಹೋಗಿ ಬರುತ್ತೇವೆ. ನಮ್ಮ ಮನೆ ಮೇಲಿನ ಆಕಾಶದಲ್ಲಿ ಯಾವುದು ಎಲ್ಲಿದೆ ಅಂತ ತಿಳಿಯುವುದೇ ಬೇರೆ. ಕನ್ನಡಕದ ಹಿಂದೆ ಸಣ್ಣ ಚುಕ್ಕಿಗಳು ನನ್ನ ಕಣ್ಣಿಗೆ ಸ್ವಲ್ಪ ಮಂಕಾಗಿಯೇ ಕಂಡವು. ಅತ್ತೆ ಹೊರಗೆ ಬಂದು, "ಚಂದ ಇತ್ತು ಮಾರಾಯ್ತಿ. ನಮ್ಮ ನಕ್ಷತ್ರ ಮಾತ್ರ ಸಿಗಲಿಲ್ಲ" ಅಂದರು. ಕನ್ನಡದ ಶೋ ಸಿಕ್ಕಿದ್ದರೆ ಅವರಿಗೆ ಇನ್ನೂ ಹತ್ತಿರ ಆಗುತ್ತಿತ್ತೇನೋ.

ಪಿಲಿಕುಳದ ದೊಡ್ಡ ಗುಣ ಅಂದರೆ ಇಡೀ ದಿನ ಅಲ್ಲೇ ಕಳೆಯಬಹುದು. ವಿಜ್ಞಾನ ಕೇಂದ್ರ, ಪ್ರಾಣಿಗಳು, ದೋಣಿ, ಗುತ್ತಿನ ಮನೆ (ತುಳುನಾಡಿನ ಹಳೇ ದೊಡ್ಡ ಮನೆ), ಎಲ್ಲ ಒಂದೇ ಕಡೆ. ರಾತ್ರಿ ಮಂಗಳೂರಿನಲ್ಲಿ ಉಳಿದು ಮಾರನೇ ದಿನ ಬಂದೆವು. ಒಂದೇ ದಿನಕ್ಕೆ ಹೋಗಿ ಬರುವ ಸಾಹಸ ಮಕ್ಕಳಿದ್ದರೆ ಬೇಡ.

ಬೆಂಗಳೂರಿಗೆ ಡಿಸೆಂಬರ್ ಕೊನೆಯಲ್ಲಿ ಹೋದೆವು. ರೈಲಾದ್ದರಿಂದ ವಾಂತಿಯ ಗೋಳಿಲ್ಲ. ಅತ್ತೆ ಕಾಲು ಚಾಚಿ ಕೂತರು. ಜವಾಹರಲಾಲ್ ನೆಹರು ತಾರಾಲಯ 1989ರದ್ದು. ಗುಮ್ಮಟ 15 ಮೀಟರ್, ಪಿಲಿಕುಳದ್ದಕ್ಕಿಂತ ಚಿಕ್ಕದು. 3ಡಿ ಇಲ್ಲ, ಕನ್ನಡಕ ಇಲ್ಲ. ಈ ಸಲ ಕನ್ನಡ ಶೋದ ಹೊತ್ತು ಮೊದಲೇ ನೋಡಿಕೊಂಡು ಹೋಗಿದ್ದೆವು.

ಇಲ್ಲಿನ ವ್ಯತ್ಯಾಸ ಒಂದು ನಿಮಿಷದಲ್ಲಿ ಗೊತ್ತಾಯಿತು. ಬೆಳಕು ನಿಧಾನಕ್ಕೆ ಇಳಿಯಿತು, ಸಂಜೆ ಕವಿದ ಹಾಗೆ. ಪೂರ್ತಿ ಕತ್ತಲಾದಾಗ ಸುತ್ತಲಿನವರೆಲ್ಲ ಒಟ್ಟಿಗೆ "ಹಾ" ಅಂದರು. ನಕ್ಷತ್ರಗಳು ಸೂಜಿಮೊನೆಯಷ್ಟು ಸಣ್ಣಗೆ, ಚೂಪಾಗಿ ಇದ್ದವು. ಇಲ್ಲಿ ಎರಡು ಬಗೆಯ ಯಂತ್ರ ಇವೆ. ಚಿತ್ರಗಳಿಗೆ ಡಿಜಿಟಲ್ ಪ್ರೊಜೆಕ್ಟರ್, ನಕ್ಷತ್ರಗಳಿಗೆ ಬೇರೆಯೇ ಯಂತ್ರ. ಎರಡನೆಯದು ಒಳಗಿನ ದೀಪದ ಬೆಳಕನ್ನು ಸಣ್ಣ ಸಣ್ಣ ಕಿಂಡಿಗಳಿಂದ ಮಸೂರದ ಮೂಲಕ ಗುಮ್ಮಟಕ್ಕೆ ಬಿಡುತ್ತೆ. ಈ ಉಪಾಯವನ್ನು ಜರ್ಮನಿಯ ಜೈಸ್ ಕಂಪನಿಯವರು 1923ರಲ್ಲೇ ಮಾಡಿ ತೋರಿಸಿದ್ದರು. ನೂರು ವರ್ಷ ಹಳೆಯದಾದರೂ ಕಪ್ಪು ಕಪ್ಪಾಗೇ ಉಳಿಯುತ್ತೆ, ಚುಕ್ಕಿ ಚುಕ್ಕಿಯಾಗೇ ಇರುತ್ತೆ. ನಿಜವಾದ ಆಕಾಶ ಕಲಿಯಲು ಇದೇ ಬೇಕು ಅಂತ ನನ್ನ ಅನಿಸಿಕೆ.

ಬೇಟೆಗಾರನ ಆಕಾರದ ನಕ್ಷತ್ರಪುಂಜ ಮಹಾವ್ಯಾಧ (ಓರಿಯನ್) ಬಂತು. ನಡುವಿನ ಮೂರು ನಕ್ಷತ್ರ ಒಂದೇ ಸಾಲಿನಲ್ಲಿ. ಭುಜದಲ್ಲಿ ಕೆಂಪಗೆ ಒಂದು. "ಇದೇ ಆರ್ದ್ರಾ" ಅಂತ ಕನ್ನಡದಲ್ಲಿ ಹೇಳಿದ್ದೇ ತಡ, ಅತ್ತೆ ಕತ್ತಲಲ್ಲಿ ನನ್ನ ಮೊಣಕೈ ಗಟ್ಟಿಯಾಗಿ ಹಿಡಿದರು. ಏನೂ ಮಾತಾಡಲಿಲ್ಲ. ಶೋ ಮುಗಿಯುವವರೆಗೂ ಕೈ ಬಿಡಲಿಲ್ಲ.

ಧ್ರುವ ನಕ್ಷತ್ರವನ್ನೂ ನಾವು ಸರಿಯಾಗಿ ನೋಡಿದ್ದು ಅಲ್ಲೇ. ಯಾವ ಊರಿನಿಂದ ನೋಡಿದರೂ ಅದರ ಎತ್ತರ ಹೆಚ್ಚುಕಡಿಮೆ ಆ ಊರಿನ ಅಕ್ಷಾಂಶದಷ್ಟೇ. ಶಿವಮೊಗ್ಗ ಸುಮಾರು 14 ಡಿಗ್ರಿಯಲ್ಲಿದೆ. ಕೈ ಚಾಚಿ ಮುಷ್ಟಿ ಹಿಡಿದರೆ ಹತ್ತು ಡಿಗ್ರಿ. ಅಂದರೆ ಒಂದೂವರೆ ಮುಷ್ಟಿಯೂ ಇಲ್ಲ. ನಮ್ಮೂರ ಮನೆಯ ಉತ್ತರಕ್ಕೆ ತೋಟ, ಅದರ ಹಿಂದೆ ಗುಡ್ಡ. ಇಷ್ಟು ವರ್ಷ ಯಾಕೆ ಕಾಣಲಿಲ್ಲ ಅಂತ ಆಗ ಅರ್ಥವಾಯಿತು.

ವಾಪಸ್ ರೈಲಿನಲ್ಲಿ ಮಗಳ ಪ್ರಶ್ನೆ: ಆರಿದ್ರಾ ಮಳೆ ಜೂನಿನಲ್ಲಿ ಬರುತ್ತೆ, ನಕ್ಷತ್ರ ಡಿಸೆಂಬರಿನಲ್ಲಿ ಯಾಕೆ? ಅವರಪ್ಪ ಎದುರಿಗಿದ್ದ ಕೆಂಪು ಚೈನಿನ ಹಿಡಿ ತೋರಿಸಿದರು. "ಅದು ಆರಿದ್ರಾ. ಈ ಕಿತ್ತಳೆ ಹಣ್ಣು ಸೂರ್ಯ." ಹಣ್ಣನ್ನು ಅವಳ ಕಣ್ಣಿನ ನೇರಕ್ಕೆ ಹಿಡಿದರು. ಚೈನು ಮುಚ್ಚಿಹೋಯಿತು. ಸೂರ್ಯ ಒಂದು ವರ್ಷದಲ್ಲಿ 27 ನಕ್ಷತ್ರ ಸುತ್ತಿ ಬರುವ ಹಾಗೆ ನಮಗೆ ಕಾಣುತ್ತಾನೆ. ಒಂದೊಂದಕ್ಕೆ ಹದಿಮೂರು ಹದಿನಾಲ್ಕು ದಿನ. ಜೂನ್ 22ರ ಸುಮಾರಿಗೆ ಆರಿದ್ರಾದ ಸರದಿ. ಆಗ ಬೀಳುವುದೇ ಆರಿದ್ರಾ ಮಳೆ. ಆ ದಿನಗಳಲ್ಲಿ ಆ ನಕ್ಷತ್ರ ಸೂರ್ಯನ ಜೊತೆ ಹಗಲಲ್ಲೇ ಹುಟ್ಟಿ ಹಗಲಲ್ಲೇ ಮುಳುಗುತ್ತೆ. ಮೋಡ ಇಲ್ಲದಿದ್ದರೂ ಕಾಣದು. ಡಿಸೆಂಬರಿಗೆ ಸೂರ್ಯ ಎದುರು ಬದಿಗೆ ಹೋಗಿರುತ್ತಾನೆ, ಆಗ ರಾತ್ರಿ ಕಾಣುತ್ತೆ.

"ಹಾಗಾದ್ರೆ ಮಳೆ ಇದ್ದಾಗ ನಕ್ಷತ್ರ ಇಲ್ಲ, ನಕ್ಷತ್ರ ಇದ್ದಾಗ ಮಳೆ ಇಲ್ಲ" ಅಂದರು ಅತ್ತೆ. ಹಣ್ಣು ಅವರೇ ಇಸಿದುಕೊಂಡು ಮತ್ತೊಂದು ಸಲ ಹಿಡಿದು ನೋಡಿದರು.

ಇಷ್ಟಕ್ಕೇ ನಾನು ಬೆಂಗಳೂರನ್ನು ಮೇಲೆ ಇಡುತ್ತೇನೆ. ಹೊರಗಿನ ವಿಜ್ಞಾನ ಪಾರ್ಕಿನಲ್ಲಿ ಮಗಳಿಗೆ ಹೊತ್ತು ಹೋಗಿದ್ದೇ ಗೊತ್ತಾಗಲಿಲ್ಲ. ಮಗನಿಗೆ ಮಾತ್ರ ಶೋದ ಅರ್ಧಕ್ಕೇ ನಿದ್ದೆ ಬಂತು. ಕತ್ತಲು, ಮೆತ್ತನೆ ಸೀಟು, ನಿಧಾನದ ಮಾತು, ಐದು ವರ್ಷದವನಿಗೆ ಇನ್ನೇನಾಗುತ್ತೆ! ಮನೆಯಲ್ಲಿ ಇರುವುದು ಸಣ್ಣ ಮಕ್ಕಳೇ ಆದರೆ ಪಿಲಿಕುಳಕ್ಕೇ ಹೋಗಿ. ಎಂಟು ದಾಟಿದವರು, ದೊಡ್ಡವರು ಇದ್ದರೆ ಬೆಂಗಳೂರು. ನಮ್ಮ ಐದು ಜನಕ್ಕೆ ಖರ್ಚಿನಲ್ಲಿ ದೊಡ್ಡ ವ್ಯತ್ಯಾಸ ಬರಲಿಲ್ಲ. ಅಲ್ಲಿ ಪೆಟ್ರೋಲು ಮತ್ತು ಒಂದು ರಾತ್ರಿಯ ರೂಮು, ಇಲ್ಲಿ ರೈಲು, ಆಟೋ, ಊಟ.

ಗದ್ದೆ ಸೇರದಿದ್ದರೆ ಈ ಹೋಲಿಕೆ ಅರ್ಧಕ್ಕೇ ನಿಲ್ಲುತ್ತೆ.

2025ರ ಜನವರಿ 25, ಶನಿವಾರ. ಅಮಾವಾಸ್ಯೆಗೆ ನಾಲ್ಕು ದಿನ. ಊರಲ್ಲಿ ಅಡಿಕೆ ಸುಲಿಯುವ ಕೆಲಸ ಇನ್ನೂ ಮುಗಿದಿರಲಿಲ್ಲ. ಅಂಗಳಕ್ಕೆ ಚಪ್ಪರ, ಚಪ್ಪರದಲ್ಲಿ ಬಲ್ಬು. ಅಲ್ಲಿಂದ ಆಕಾಶ ಕಾಣುವ ಮಾತೇ ಇಲ್ಲ. ಮಲೆನಾಡಿನ ಮನೆಗಳ ಕಷ್ಟ ಇದು. ಸುತ್ತ ಮರ, ಮೇಲೆ ಅಂಗೈ ಅಗಲದ ಆಕಾಶ. ಕೊಯ್ಲಾದ ಗದ್ದೆಗೆ ಹೋದೆವು. ಬಲ್ಬಿನ ಬೆಳಕು ದರೆಯ ಆಚೆ ಉಳಿಯಿತು. ಕೂಳೆ ಚುಚ್ಚದ ಹಾಗೆ ಹುಲ್ಲು ಹರಡಿ, ಮೇಲೆ ಚಾಪೆ, ಅದರ ಮೇಲೆ ಕಂಬಳಿ. ಟಾರ್ಚಿಗೆ ಕೆಂಪು ಕಾಗದ ಸುತ್ತಿದ್ದೆವು. ಕಣ್ಣು ಕತ್ತಲಿಗೆ ಹೊಂದಿಕೊಳ್ಳಲು ಇಪ್ಪತ್ತು ನಿಮಿಷವಾದರೂ ಬೇಕು. ಅಷ್ಟು ಹೊತ್ತು ಮೊಬೈಲ್ ತೆಗೆಯಬಾರದು. ಒಂದು ಸಲ ತೆಗೆದರೆ ಮತ್ತೆ ಮೊದಲಿನಿಂದ ಕಾಯಬೇಕು.

ರಾತ್ರಿ ಎಂಟೂವರೆ. ಶುಕ್ರ ಪಶ್ಚಿಮದ ಅಡಿಕೆ ಮರಗಳ ತುದಿಗೆ ಇಳಿದಿತ್ತು. ಗುರು ನೆತ್ತಿಯ ಹತ್ತಿರ, ರೋಹಿಣಿಯ ಪಕ್ಕದಲ್ಲಿ. ಪೂರ್ವದಲ್ಲಿ ಮಂಗಳ ಕೆಂಪಗೆ. ಕೃತ್ತಿಕೆಯ ನಕ್ಷತ್ರಗುಂಪಿನಲ್ಲಿ ಮಗಳು ಆರು ಎಣಿಸಿದಳು, ನನಗೆ ಐದೇ ಸಿಕ್ಕಿದ್ದು. ದಕ್ಷಿಣದಲ್ಲಿ ಗುಡ್ಡದ ಮೇಲೆ ಅಗಸ್ತ್ಯ ನಕ್ಷತ್ರ. ನಮ್ಮ 10x50 (ಹತ್ತು ಪಟ್ಟು ದೊಡ್ಡದಾಗಿ ತೋರಿಸುವ, 50 ಮಿ.ಮೀ. ಮಸೂರದ) ಬೈನಾಕ್ಯುಲರನ್ನು ಗದ್ದೆಯಲ್ಲಿ ನೆಟ್ಟಿದ್ದ ಗೂಟಕ್ಕೆ ಒತ್ತಿ ಹಿಡಿದರೆ ಗುರುವಿನ ಪಕ್ಕ ಎರಡು ಸಣ್ಣ ಚುಕ್ಕಿ ನಿಂತವು. ಗೆಲಿಲಿಯೋ 1610ರಲ್ಲಿ ಕಂಡ ನಾಲ್ಕು ಚಂದ್ರರಲ್ಲಿ ಎರಡು. ಮಹಾವ್ಯಾಧನ ನಡುಪಟ್ಟಿಯ ಕೆಳಗೆ ಬೂದಿ ಊದಿದ ಹಾಗೆ ಒಂದು ಮಬ್ಬು. ಅದು ಹೊಸ ನಕ್ಷತ್ರ ಹುಟ್ಟುವ ಜಾಗ ಅಂದೆ. ಮಗ ಕಂಬಳಿಯಿಂದ ಮೂಗು ಮಾತ್ರ ಹೊರಗೆ ಹಾಕಿ ಕೇಳುತ್ತಿದ್ದ. ಇಲ್ಲಿ ಅವನಿಗೆ ನಿದ್ದೆ ಬರಲಿಲ್ಲ.

ಅತ್ತೆಗೆ ಯಾರೂ ತೋರಿಸಬೇಕಾಗಲಿಲ್ಲ. ಮೂರು ನಕ್ಷತ್ರದ ಸಾಲು ಹಿಡಿದು, ಪಕ್ಕಕ್ಕೆ ಬಂದು, ಕೆಂಪು ಚುಕ್ಕಿಗೆ ಬೆರಳು ಇಟ್ಟರು. "ಇದು ಇಲ್ಲೇ ಇತ್ತಲ್ಲೇ" ಅಂದರು. ಆಮೇಲೆ ಸುಲಿಯಲು ಬಂದಿದ್ದ ಇಬ್ಬರು ಹೆಂಗಸರನ್ನು ಅವರೇ ಕೂಗಿ ಕರೆದರು. ಅವರಿಬ್ಬರೂ ಕೈಯ ಅಡಿಕೆ ಚೊಗರು ಸೆರಗಿಗೆ ಒರೆಸಿಕೊಳ್ಳುತ್ತಾ ಬಂದು ನಿಂತು ತಲೆ ಎತ್ತಿದರು.

ಬೆಂಗಳೂರಿನಲ್ಲಿ ಕಲಿಯದೆ ನೇರ ಗದ್ದೆಗೆ ಬಂದಿದ್ದರೆ ನಮಗೆ ಇದು ಆಗುತ್ತಿರಲಿಲ್ಲ. ಅಷ್ಟೊಂದು ಚುಕ್ಕಿಗಳ ನಡುವೆ ಎಲ್ಲಿಂದ ಶುರು ಮಾಡುವುದು? ಜೂನಿನಿಂದ ಸೆಪ್ಟೆಂಬರ್‌ವರೆಗಂತೂ ನಮ್ಮ ಕಡೆ ಆಕಾಶವೇ ಇರುವುದಿಲ್ಲ, ಆಗ ತಾರಾಲಯವೇ ಗತಿ. ನನ್ನ ಸಲಹೆ ಕೇಳಿದರೆ, ನವೆಂಬರ್ ಅಥವಾ ಡಿಸೆಂಬರಿನಲ್ಲಿ ತಾರಾಲಯಕ್ಕೆ ಹೋಗಿ, ಅದು ನೆನಪಿರುವಾಗಲೇ, ಜನವರಿ ಅಥವಾ ಫೆಬ್ರವರಿಯ ಅಮಾವಾಸ್ಯೆ ಆಸುಪಾಸಿನಲ್ಲಿ ಊರಿಗೆ ಹೋಗಿ. ಊರಿಲ್ಲದವರು ಶಿವಮೊಗ್ಗದ ದೀಪಗಳಿಂದ ಇಪ್ಪತ್ತು ಮೂವತ್ತು ಕಿಲೋಮೀಟರ್ ದೂರದ ನೆಂಟರ ಗದ್ದೆ ಹುಡುಕಿಕೊಳ್ಳಿ. ಟೆಲಿಸ್ಕೋಪ್ ಈಗಲೇ ಕೊಳ್ಳಬೇಡಿ, ಬೈನಾಕ್ಯುಲರ್ ಸಾಕು. ಎರಡೂ ತಾರಾಲಯಕ್ಕೆ ಸೋಮವಾರ ರಜೆ. ಹೊರಡುವ ಮೊದಲು ಕನ್ನಡ ಶೋ ಎಷ್ಟು ಹೊತ್ತಿಗೆ ಅಂತ ಕೇಳಿಕೊಳ್ಳಿ, ಮನೆಯಲ್ಲಿ ಹಿರಿಯರಿದ್ದರೆ ಅವರನ್ನು ಬಿಟ್ಟು ಹೋಗಬೇಡಿ.