ಕಂಪನಿಯ ಗುರುತಿನ ಚೀಟಿಗೆ ಸಿಕ್ಕ ಐದು ಸಾವಿರ: ಬೆಳಗಾವಿಯಲ್ಲಿ ಕಾರ್ಪೊರೇಟ್ ಡಿಸ್ಕೌಂಟಿನ ಅನುಭವ

ಬೆಳಗಾವಿಯ ಉದ್ಯಮಬಾಗದ ಕಾರ್ಖಾನೆಯೊಂದರಲ್ಲಿ ಹದಿನಾಲ್ಕು ವರ್ಷಗಳಿಂದ ಕೆಲಸ ಮಾಡುತ್ತಿದ್ದರೂ, ನಮ್ಮ ಕಂಪನಿಯ ನೌಕರರಿಗೆ ಕೆಲವು ಕಾರು ತಯಾರಕರು ‘ಕಾರ್ಪೊರೇಟ್ ಡಿಸ್ಕೌಂಟ್’ ಕೊಡುತ್ತಾರೆಂಬ ಸಂಗತಿ ನನಗೆ ತಿಳಿದದ್ದು ಕ್ಯಾಂಟೀನಿನ ಪಕ್ಕದ ಸೂಚನಾ ಫಲಕದಲ್ಲಿ ಅಂಟಿಸಿದ್ದ ಒಂದು ಹಾಳೆಯಿಂದ. ಹಳೆಯ ಕಾರಿಗೆ ಹತ್ತು ವರ್ಷ ತುಂಬಿತ್ತು. 2025ರ ನವೆಂಬರಿನಲ್ಲಿ, ನಾಲ್ಕು ಮೀಟರಿಗಿಂತ ಕಡಿಮೆ ಉದ್ದದ, 1197 ಸಿಸಿ ಪೆಟ್ರೋಲ್ ಇಂಜಿನ್ನಿನ, 6,90,000 ರೂಪಾಯಿ ಎಕ್ಸ್-ಶೋರೂಮ್ ಬೆಲೆಯ ಒಂದು ಸಣ್ಣ ಕಾರನ್ನು ಈ ಸೌಲಭ್ಯದ ಮೂಲಕವೇ ಕೊಂಡೆ. ಸೌಲಭ್ಯ ನಿಜವಾದದ್ದು, ಮೋಸವಲ್ಲ. ಆದರೆ ಗುರುತಿನ ಚೀಟಿಯನ್ನು ಯಾವ ಹೊತ್ತಿನಲ್ಲಿ ಹೊರತೆಗೆಯುತ್ತೇವೆ ಎಂಬುದರ ಮೇಲೆ ಅದರ ಪ್ರಯೋಜನವೆಲ್ಲ ನಿಂತಿದೆ ಎಂಬುದನ್ನು ನಾನು ಮೂರು ವಾರ ಅಲೆದ ಮೇಲೆ ಅರಿತುಕೊಂಡೆ.

ಮೊದಲು ಇದು ನಡೆಯುವ ಬಗೆಯನ್ನು ಹೇಳಬೇಕು. ಈ ರಿಯಾಯಿತಿಯನ್ನು ಶೋರೂಮಿನವರು ತಮ್ಮ ಕಿಸೆಯಿಂದ ಕೊಡುವುದಿಲ್ಲ. ಕಾರು ತಯಾರಕರ ಬಳಿ ಅರ್ಹ ಸಂಸ್ಥೆಗಳ ಪಟ್ಟಿಯಿರುತ್ತದೆ. ಗ್ರಾಹಕನ ಗುರುತಿನ ಚೀಟಿ, ಇತ್ತೀಚಿನ ಸಂಬಳದ ಚೀಟಿ, ಕೆಲವೊಮ್ಮೆ ಎಚ್‌ಆರ್ ವಿಭಾಗದ ಪತ್ರ, ಇವನ್ನು ಶೋರೂಮಿನವರು ತಯಾರಕರ ವ್ಯವಸ್ಥೆಗೆ ಕಳುಹಿಸಿ, ಬಿಲ್ಲಿನಲ್ಲಿ ಕಡಿತ ಮಾಡಿದ ಹಣವನ್ನು ಆಮೇಲೆ ಅಲ್ಲಿಂದ ಪಡೆದುಕೊಳ್ಳುತ್ತಾರೆ. ಮೊತ್ತ ಮಾಡೆಲಿನಿಂದ ಮಾಡೆಲಿಗೆ, ತಿಂಗಳಿನಿಂದ ತಿಂಗಳಿಗೆ ಬದಲಾಗುತ್ತದೆ. ಲೆಕ್ಕಕ್ಕೆ ಬರುವುದು ಬುಕಿಂಗ್ ಮಾಡಿದ ದಿನವಲ್ಲ, ಬಿಲ್ಲಾದ ದಿನ. ಆದ್ದರಿಂದ ಅಕ್ಟೋಬರಿನಲ್ಲಿ ಮುಂಗಡ ಕೊಟ್ಟವರಿಗೆ ಕಾರು ನವೆಂಬರಿನಲ್ಲಿ ಬಂದರೆ ಅವರಿಗೆ ಸಿಗುವುದು ನವೆಂಬರಿನ ರಿಯಾಯಿತಿ, ಅದು ಹೆಚ್ಚಿರಲಿ ಕಡಿಮೆಯಿರಲಿ. ನಾನು ಆರಿಸಿದ ಮಾಡೆಲಿಗೆ ಆ ತಿಂಗಳು ಇದ್ದದ್ದು 5,000 ರೂಪಾಯಿ.

ಮೊದಲು ಹೋದ ಶೋರೂಮಿನಲ್ಲಿ ನಾನು ಮಾಡಿದ ತಪ್ಪು ಕುರ್ಚಿಯಲ್ಲಿ ಕುಳಿತ ಐದೇ ನಿಮಿಷದಲ್ಲಿ ಆಯಿತು. “ಸರ್, ಮೊದ್ಲ ಐಡಿ ಕಾರ್ಡ್ ಕೊಡ್ರಿ, ಆಮ್ಯಾಲ ಬೆಸ್ಟ್ ರೇಟ್ ಹೇಳ್ತೀನಿ” ಎಂದು ಮಾರಾಟ ಪ್ರತಿನಿಧಿ ವಿನಯದಿಂದ ಕೇಳಿದಾಗ, ವಿನಯಕ್ಕೆ ಮರುಳಾಗಿ ಚೀಟಿಯನ್ನೂ ಸಂಬಳದ ಪ್ರತಿಯನ್ನೂ ಕೊಟ್ಟುಬಿಟ್ಟೆ. ಅವರು ಬರೆದುಕೊಟ್ಟ ದರಪಟ್ಟಿಯಲ್ಲಿ ಕಾರ್ಪೊರೇಟ್ ಡಿಸ್ಕೌಂಟ್ 5,000, ಸಾಮಾನ್ಯ ಗ್ರಾಹಕರ ರಿಯಾಯಿತಿ 10,000, ಒಟ್ಟು 15,000 ರೂಪಾಯಿ ಕಡಿತವಿತ್ತು. ಸಂತೋಷದಿಂದಲೇ ಮನೆಗೆ ಬಂದೆ. ಅದೇ ವಾರ ಅದೇ ಶೋರೂಮಿಗೆ ಹೋಗಿದ್ದ, ಶಹಾಪುರದಲ್ಲಿ ಕಿರಾಣಿ ಅಂಗಡಿ ನಡೆಸುವ ನನ್ನ ಭಾವನಿಗೆ, ಯಾವ ಕಂಪನಿಯ ಚೀಟಿಯೂ ಇಲ್ಲದೆ, ಅದೇ ಮಾಡೆಲಿಗೆ 15,000 ರೂಪಾಯಿ ಕಡಿಮೆ ಮಾಡುವುದಾಗಿ ಹೇಳಿದ್ದರು. ಅಂದರೆ ನನ್ನ ಚೀಟಿ ತಂದ ಐದು ಸಾವಿರ ಒಂದು ಸಾಲಿನಲ್ಲಿ ಕೂಡಿ ಇನ್ನೊಂದು ಸಾಲಿನಲ್ಲಿ ಕಳೆದುಹೋಗಿತ್ತು. ಕೇಳಿದರೆ, “ಎರಡೂ ಪೂರ್ತಿ ಸಿಗೂದಿಲ್ರಿ ಸರ್, ಸಿಸ್ಟಮ್ ತಗೊಳ್ಳೂದಿಲ್ಲ” ಎಂಬ ಉತ್ತರ ಬಂತು.

ಸಿಸ್ಟಮ್ ತೆಗೆದುಕೊಳ್ಳುತ್ತದೆ ಎಂಬುದು ಅದೇ ತಯಾರಕರ ಮತ್ತೊಬ್ಬ ಡೀಲರನ ಬಳಿ ತಿಳಿಯಿತು. ಅಲ್ಲಿ ನಾನು ಕಂಪನಿಯ ಮಾತನ್ನೇ ಎತ್ತದೆ, ಸಾಮಾನ್ಯ ಗ್ರಾಹಕನಂತೆ ಕುಳಿತು, ಎಲ್ಲ ಸಾಲುಗಳನ್ನೂ ಬಿಡಿಬಿಡಿಯಾಗಿ ಬರೆಸಿಕೊಂಡೆ: ಸಾಮಾನ್ಯ ರಿಯಾಯಿತಿ 15,000, ಹಳೆಯ ಕಾರು ಕೊಟ್ಟರೆ ಅದರ ಬೆಲೆಯ ಮೇಲೆ ಎಕ್ಸ್‌ಚೇಂಜ್ ಬೋನಸ್ 15,000. ವ್ಯವಸ್ಥಾಪಕರ ಸಹಿಯಾದ ಮೇಲೆ ಚೀಟಿಯನ್ನು ಮೇಜಿನ ಮೇಲಿಟ್ಟೆ. ಅವರ ಮುಖ ಸ್ವಲ್ಪ ಸಣ್ಣದಾದದ್ದು ನಿಜ, ಆದರೆ ಐದು ಸಾವಿರ ಬೇರೆಯಾಗಿಯೇ ಸೇರಿ ಒಟ್ಟು 35,000 ಆಯಿತು.

ಇಲ್ಲಿ ಎರಡು ತೊಡಕುಗಳು ಎದುರಾದವು. ಕಾರನ್ನು ಹೆಂಡತಿಯ ಹೆಸರಿನಲ್ಲಿ ಕೊಳ್ಳಬೇಕೆಂಬುದು ಮನೆಯ ತೀರ್ಮಾನವಾಗಿತ್ತು. ನನಗೆ ಅನ್ವಯಿಸಿದ ಯೋಜನೆಯಲ್ಲಿ ಬಿಲ್ಲು ನೌಕರನ ಹೆಸರಿನಲ್ಲೇ ಆಗಬೇಕಿತ್ತು, ಹಾಗಾಗಿ ಆ ತೀರ್ಮಾನ ಬದಲಾಯಿತು, ಅದರ ವಿವರ ಇಲ್ಲಿ ಬೇಡ. ಇನ್ನೊಂದು, ಆಧಾರ್ ಕಾರ್ಡಿನಲ್ಲಿ ನನ್ನ ಹೆಸರಿನ ಜೊತೆ ತಂದೆಯ ಹೆಸರೂ ಮನೆತನದ ಹೆಸರೂ ಪೂರ್ತಿಯಾಗಿದ್ದು, ಸಂಬಳದ ಚೀಟಿಯಲ್ಲಿ ಬರೀ ಇನಿಷಿಯಲ್ ಇತ್ತು. ಇಬ್ಬರೂ ಒಬ್ಬನೇ ಎಂದು ಎಚ್‌ಆರ್ ವಿಭಾಗದಿಂದ ಪತ್ರ ತರಲು ನಾಲ್ಕು ದಿನ ಹಿಡಿಯಿತು. ಮೂರು ಹೆಸರು ಬರೆಯುವ ನಮ್ಮ ಭಾಗದಲ್ಲಿ ಈ ಗೊಂದಲ ಬಹಳ ಜನರಿಗೆ ಬರುವಂಥದ್ದು, ಆದ್ದರಿಂದ ಪತ್ರವನ್ನು ಮೊದಲೇ ಮಾಡಿಸಿಟ್ಟುಕೊಳ್ಳುವುದು ಒಳ್ಳೆಯದು.

ಇನ್ನು ಹಣ ನಿಜವಾಗಿ ಸೋರುವ ಜಾಗಕ್ಕೆ ಬರೋಣ. ಕರ್ನಾಟಕದಲ್ಲಿ ಐದರಿಂದ ಹತ್ತು ಲಕ್ಷದೊಳಗಿನ ಕಾರಿಗೆ ಆಜೀವ ತೆರಿಗೆ ಶೇ. 14, ಆ ತೆರಿಗೆಯ ಮೇಲೆ ಶೇ. 11 ಸೆಸ್. ನನ್ನ ಕಾರಿಗೆ 96,600 ಮತ್ತು 10,626 ಸೇರಿ 1,07,226 ರೂಪಾಯಿ. ಇದರಲ್ಲಿ ಚೌಕಾಸಿಗೆ ಎಡೆಯಿಲ್ಲ. ಆದರೆ ಅದರ ಕೆಳಗಿನ ಸಾಲಿನಲ್ಲಿದ್ದ ವಿಮೆ 39,200 ರೂಪಾಯಿ. ಹೊಸ ಕಾರಿಗೆ ಮೂರು ವರ್ಷದ ಥರ್ಡ್ ಪಾರ್ಟಿ ವಿಮೆ, ಅಂದರೆ ನಮ್ಮ ಕಾರಿನಿಂದ ಬೇರೆಯವರಿಗೆ ಆಗುವ ಹಾನಿಯ ವಿಮೆ, 2018ರ ಸೆಪ್ಟೆಂಬರಿನಿಂದ ಕಡ್ಡಾಯವಾಗಿದೆ. 1000ದಿಂದ 1500 ಸಿಸಿಯೊಳಗಿನ ಕಾರಿಗೆ 2022ರಲ್ಲಿ ಸರ್ಕಾರ ನಿಗದಿಪಡಿಸಿದ ಅದರ ಕಂತು 10,640 ರೂಪಾಯಿ, ಯಾವ ವಿಮಾ ಕಂಪನಿಗೆ ಹೋದರೂ ಅಷ್ಟೇ. ಹಾಗಾದರೆ ವ್ಯತ್ಯಾಸವೆಲ್ಲ ಇರುವುದು ನಮ್ಮ ಕಾರಿಗೇ ಆಗುವ ಹಾನಿಯ ವಿಮೆಯಲ್ಲಿ ಮತ್ತು ಅದಕ್ಕೆ ಸೇರಿಸುವ ಹೆಚ್ಚುವರಿ ರಕ್ಷಣೆಗಳಲ್ಲಿ. ಅಷ್ಟೇ ರಕ್ಷಣೆಗಳಿರುವ ಪಾಲಿಸಿ ನನಗೆ ಪರಿಚಯದ ಏಜೆಂಟರ ಮೂಲಕ 27,600 ರೂಪಾಯಿಗೆ ಸಿಕ್ಕಿತು. ಹಳೆಯ ಕಾರಿನ ಮೇಲೆ ಐದು ವರ್ಷಕ್ಕೂ ಹೆಚ್ಚು ಕಾಲ ಕ್ಲೇಮ್ ಮಾಡದೆ ಉಳಿಸಿಕೊಂಡಿದ್ದ ಶೇ. 50 ನೋ ಕ್ಲೇಮ್ ಬೋನಸ್ಸನ್ನು, ಅಂದರೆ ಸ್ವಂತ ಕಾರಿನ ಹಾನಿಯ ವಿಮೆಯ ಕಂತಿನಲ್ಲಿ ಸಿಗುವ ಕಡಿತವನ್ನು, ಹೊಸ ಕಾರಿಗೆ ವರ್ಗಾಯಿಸಿಕೊಂಡದ್ದೇ ಇದಕ್ಕೆ ಮುಖ್ಯ ಕಾರಣ. ಆ ಬೋನಸ್ ಕಾರಿನದಲ್ಲ, ಮಾಲೀಕನದು. ಹಳೆಯ ವಿಮಾ ಕಂಪನಿಯಿಂದ ಪತ್ರ ತಂದರೆ ಸಾಕು. ಶೋರೂಮಿನವರು ಅದರ ಬಗ್ಗೆ ತುಟಿ ಬಿಚ್ಚಿರಲಿಲ್ಲ.

ಹೊರಗಿನ ವಿಮೆ ತರುತ್ತೇನೆಂದಾಗ, ಕಾರ್ಪೊರೇಟ್ ಡಿಸ್ಕೌಂಟ್ ಬೇಕಾದರೆ ವಿಮೆಯೂ ತಮ್ಮಲ್ಲೇ ಆಗಬೇಕೆಂದು ಒಮ್ಮೆ ಹೇಳಿದರು. ವಿಮೆಯನ್ನು ಎಲ್ಲಿ ಮಾಡಿಸಬೇಕೆಂಬುದು ಗ್ರಾಹಕನ ಆಯ್ಕೆ, ಡೀಲರ್ ಅದನ್ನು ಬಲವಂತ ಮಾಡುವಂತಿಲ್ಲ ಎಂಬ ವಿಮಾ ನಿಯಂತ್ರಣ ಪ್ರಾಧಿಕಾರದ ನಿಯಮವನ್ನು ನೆನಪಿಸಿ, ಆ ಷರತ್ತನ್ನು ಬರೆದುಕೊಡಿ ಎಂದು ಕೇಳಿದೆ. ಬರೆದುಕೊಡಲಿಲ್ಲ, ಷರತ್ತೂ ಅಲ್ಲಿಗೇ ನಿಂತಿತು. ‘ಹ್ಯಾಂಡ್ಲಿಂಗ್ ಚಾರ್ಜ್’ ಎಂಬ 6,500 ರೂಪಾಯಿಯ ಸಾಲಿಗೂ ಇದೇ ಗತಿಯಾಯಿತು; ಅದು ಆರ್‌ಟಿಒ ಶುಲ್ಕವೂ ಅಲ್ಲ, ತೆರಿಗೆಯೂ ಅಲ್ಲ. ಇವೆರಡರಿಂದ ಉಳಿದದ್ದು 18,100 ರೂಪಾಯಿ. ಕಂಪನಿಯ ಹೆಸರಿಗೆ ಸಿಕ್ಕದ್ದು ಅದರ ಮೂರನೆಯ ಒಂದು ಭಾಗವೂ ಅಲ್ಲ.

ನಮ್ಮ ಓಣಿಯ ನಿವೃತ್ತ ಸುಬೇದಾರ ಕಾಕಾ ಈ ಲೆಕ್ಕ ಕೇಳಿ ಜೋರಾಗಿ ನಕ್ಕರು. ಮರಾಠಾ ಲಘು ಪದಾತಿ ದಳದ ಕೇಂದ್ರವಿರುವ ಈ ಊರಿನಲ್ಲಿ ನೌಕರರಿಗೆ ಕಾರಿನ ರಿಯಾಯಿತಿ ಎಂದರೆ ಜನರಿಗೆ ಮೊದಲು ನೆನಪಾಗುವುದು ಮಿಲಿಟರಿ ಕ್ಯಾಂಟೀನ್. ಅಲ್ಲಿ ಜಿಎಸ್‌ಟಿಯಲ್ಲೇ ಅರ್ಧದಷ್ಟು ವಿನಾಯಿತಿ ಇರುವುದರಿಂದ ಉಳಿತಾಯದ ಮಟ್ಟವೇ ಬೇರೆ. “ನಿಂದು ರಿಯಾಯಿತಿ ಅಲ್ಲಪಾ, ಚಾ-ಪಾಣಿ” ಎಂದರು ಕಾಕಾ. ಹೋಲಿಕೆ ಪೂರ್ತಿ ನ್ಯಾಯದ್ದಲ್ಲ, ಏಕೆಂದರೆ ಅಲ್ಲಿ ಬಿಟ್ಟುಕೊಡುವುದು ಸರ್ಕಾರದ ತೆರಿಗೆ, ಇಲ್ಲಿ ತಯಾರಕರ ಲಾಭದ ಒಂದು ಚೂರು. ಆದರೂ ತೆರಿಗೆಯ ಬಲ ಎಷ್ಟೆಂಬುದು ನನ್ನ ಬಿಲ್ಲಿನಲ್ಲೂ ಕಾಣುತ್ತದೆ: 2025ರ ಸೆಪ್ಟೆಂಬರ್ 22ರಿಂದ ಸಣ್ಣ ಪೆಟ್ರೋಲ್ ಕಾರುಗಳ ತೆರಿಗೆ ಸೆಸ್ ಸೇರಿ ಶೇ. 29ರಿಂದ ಶೇ. 18ಕ್ಕೆ ಇಳಿದದ್ದು ನನ್ನಂಥ ಕಾರಿಗೆ ಅರವತ್ತು ಸಾವಿರ ರೂಪಾಯಿಗೂ ಹೆಚ್ಚು. ಅದಕ್ಕೆ ಯಾವ ಚೀಟಿಯೂ ಬೇಕಾಗಲಿಲ್ಲ.

ಸಾಲದ ವಿಷಯದಲ್ಲಿ ಹೇಳುವುದು ಕಡಿಮೆ. ಸಂಬಳದ ಖಾತೆಯಿರುವ ಬ್ಯಾಂಕಿನಲ್ಲೇ ಪಡೆದೆ, ಪ್ರೊಸೆಸಿಂಗ್ ಶುಲ್ಕ ಬಿಟ್ಟರು, ತೊಂದರೆಯಾಗಲಿಲ್ಲ.

ಎರಡನೆಯ ಶೋರೂಮಿನಲ್ಲಿ ಎಲ್ಲವೂ ಮುಗಿದು ದಾಖಲೆ ಕಳುಹಿಸುವ ದಿನ ಮತ್ತೊಂದು ಬಿಕ್ಕಟ್ಟು ಹುಟ್ಟಿತು. ನನ್ನ ಗುರುತಿನ ಚೀಟಿಯ ಸಂಖ್ಯೆ ಆಗಲೇ ತಯಾರಕರ ವ್ಯವಸ್ಥೆಯಲ್ಲಿ ದಾಖಲಾಗಿತ್ತು. ಮೊದಲ ಶೋರೂಮಿನವರು, ನಾನು ಒಂದು ರೂಪಾಯಿ ಮುಂಗಡ ಕೊಡದಿದ್ದರೂ, ನನ್ನನ್ನು ತಮ್ಮ ಗ್ರಾಹಕನೆಂದು ಸೇರಿಸಿಬಿಟ್ಟಿದ್ದರು. ಅದನ್ನು ರದ್ದು ಮಾಡಿಸಲು ತಯಾರಕರ ಗ್ರಾಹಕ ಸೇವೆಗೆ ಎರಡು ಬಾರಿ ಕರೆ, ಒಂದು ಇಮೇಲ್, ಆರು ದಿನಗಳ ಕಾಯುವಿಕೆ ಬೇಕಾಯಿತು. ತಿಂಗಳು ಮುಗಿಯಲು ಎರಡು ದಿನವಿದ್ದಾಗ ಬಿಲ್ಲಾಯಿತು. ತಡವಾಗಿ ಡಿಸೆಂಬರಿಗೆ ಹೋಗಿದ್ದರೆ ಮೊತ್ತ ಬದಲಾಗುತ್ತಿತ್ತೋ ಏನೋ ಎಂಬ ಆತಂಕ ಆ ವಾರ ಪೂರ್ತಿ ಇತ್ತು.

ಸೇವೆಯ ಮಟ್ಟಿಗೆ ಐದಕ್ಕೆ ಎರಡನೆಯ ಶೋರೂಮಿಗೆ ನಾಲ್ಕು, ಮೊದಲನೆಯದಕ್ಕೆ ಒಂದು, ನಮ್ಮ ಕಂಪನಿಯ ಸೌಲಭ್ಯಕ್ಕೆ ಮೂರು ಅಂಕ ಕೊಡುತ್ತೇನೆ. ಸೂಚನಾ ಫಲಕದ ಹಾಳೆಯಲ್ಲಿ ‘ವಿಶೇಷ ದರ’ ಎಂದು ದಪ್ಪ ಅಕ್ಷರದಲ್ಲಿ ಬರೆಯುವ ಬದಲು, ಮೊತ್ತ ಎಷ್ಟು, ಬಿಲ್ಲು ಯಾರ ಹೆಸರಿನಲ್ಲಿರಬೇಕು, ಯಾವ ಕಾಗದ ಬೇಕು ಎಂದು ನಾಲ್ಕು ಸಾಲು ಬರೆದಿದ್ದರೆ ಇನ್ನೊಂದು ಅಂಕ ಸೇರುತ್ತಿತ್ತು. ಕಾರು ಬಂದ ದಿನ ಕಪಿಲೇಶ್ವರ ದೇವಸ್ಥಾನದ ಮುಂದೆ ಕಾಯಿ ಒಡೆಸಿ, ವಿಭಾಗದವರಿಗೆಲ್ಲ ಕುಂದಾ ಹಂಚಿದೆ. ಮೊದಲ ಶೋರೂಮಿನಿಂದ ಈಗಲೂ ವಾರಕ್ಕೊಮ್ಮೆ ಕರೆ ಬರುತ್ತದೆ: “ಸರ್, ನಿಮ್ಮ ಕಾರ್ಪೊರೇಟ್ ಆಫರ್ ಹಂಗ ಉಳದೈತ್ರಿ, ಯಾವಾಗ ಬರ್ತೀರಿ?”