ರೋಗಾಣುಗಳ ವಿಕಾಸವನ್ನು ಓದಲು ಕೆಗ್: ಹಸಿರು ಪೆಟ್ಟಿಗೆ, ಬಿಳಿ ಪೆಟ್ಟಿಗೆ

ಜಪಾನಿನ ಕ್ಯೋಟೋ ವಿಶ್ವವಿದ್ಯಾಲಯದಲ್ಲಿ ಮಿನೋರು ಕನೇಹಿಸಾ ಅವರು 1995ರಲ್ಲಿ ಆರಂಭಿಸಿದ, ಜೀನ್‌ಗಳನ್ನೂ ಚಯಾಪಚಯದ ಹಾದಿಗಳ ನಕ್ಷೆಗಳನ್ನೂ ಒಟ್ಟಿಗೆ ಇಟ್ಟಿರುವ ಕೆಗ್ (KEGG) ದತ್ತಸಂಚಯವನ್ನು ಜೀವವಿಜ್ಞಾನದ ವಿದ್ಯಾರ್ಥಿಗಳು ಹೆಚ್ಚಾಗಿ ಚಯಾಪಚಯದ ಚಿತ್ರಪುಸ್ತಕದಂತೆ ಬಳಸುತ್ತಾರೆ. ಗ್ಲೂಕೋಸ್ ಒಡೆಯುವ ಗ್ಲೈಕಾಲಿಸಿಸ್‌ನ ಹಾದಿ ಮರೆತಾಗ ತೆರೆದು ನೋಡುತ್ತಾರೆ, ಅಲ್ಲಿಗೆ ಮುಗಿಯಿತು. ರೋಗಕಾರಕ ಬ್ಯಾಕ್ಟೀರಿಯಾಗಳ ವಿಕಾಸವನ್ನು ಕಲಿಯಲು ಮತ್ತು ಕಲಿಸಲು ಇದಕ್ಕಿಂತ ಒಳ್ಳೆಯ ಸಾಧನವನ್ನು ನಾನು ಕಂಡಿಲ್ಲ. ಆದರೆ ಅದರ ಬಣ್ಣಗಳು ಏನನ್ನು ಹೇಳುತ್ತವೆ, ಏನನ್ನು ಹೇಳುವುದಿಲ್ಲ ಎಂಬುದು ತಿಳಿದಿರಬೇಕು.

ಕೆಗ್‌ನ ಪ್ರತಿಯೊಂದು ನಕ್ಷೆಯೂ ತಜ್ಞರು ಕೈಯಾರೆ ರಚಿಸಿದ್ದು. ಒಂದೊಂದು ಕಿಣ್ವಕ್ಕೆ ಒಂದು ಆಯತಾಕಾರದ ಪೆಟ್ಟಿಗೆ, ಅದರೊಳಗೆ ಕಿಣ್ವದ ಅಂತರರಾಷ್ಟ್ರೀಯ ಸಂಖ್ಯೆ. ಮೇಲಿನ ಪಟ್ಟಿಯಿಂದ ಒಂದು ಜೀವಿಯನ್ನು ಆರಿಸಿದರೆ, ಆ ಜೀವಿಯ ಜೀನೋಮಿನಲ್ಲಿ ಜೀನ್ ಗುರುತಿಸಲಾದ ಪೆಟ್ಟಿಗೆಗಳು ಹಸಿರಾಗುತ್ತವೆ, ಉಳಿದವು ಬಿಳಿಯಾಗಿಯೇ ಇರುತ್ತವೆ. ಸಂಖ್ಯೆಗಳೇ ಇಲ್ಲಿನ ಭಾಷೆಯಾದ್ದರಿಂದ, ಕನ್ನಡ ಮಾಧ್ಯಮದಲ್ಲಿ ಓದಿ ಬಂದ ವಿದ್ಯಾರ್ಥಿಗೂ ನಕ್ಷೆ ಅಪರಿಚಿತವೆನಿಸುವುದಿಲ್ಲ.

ಇದರ ನಿಜವಾದ ಶಕ್ತಿ ತಿಳಿಯಬೇಕಾದರೆ ಜೀವಕೋಶ ಉಸಿರಾಟದಿಂದ ಶಕ್ತಿ ಪಡೆಯುವ ಆಕ್ಸಿಡೇಟಿವ್ ಫಾಸ್ಫಾರಿಲೇಶನ್‌ನ ನಕ್ಷೆಯನ್ನು, ಅಂದರೆ 00190ನ್ನು, ಎರಡು ಕಿಟಕಿಗಳಲ್ಲಿ ತೆರೆಯಬೇಕು: ಒಂದರಲ್ಲಿ ಕ್ಷಯದ ಬ್ಯಾಕ್ಟೀರಿಯಾ, ಇನ್ನೊಂದರಲ್ಲಿ ಕುಷ್ಠರೋಗದ ಬ್ಯಾಕ್ಟೀರಿಯಾ. ಉಸಿರಾಟದ ಸರಪಳಿಯ ಮೊದಲ ಸಂಕೀರ್ಣವನ್ನು ಕಟ್ಟುವ, ನುವೋ-ಎ ಇಂದ ನುವೋ-ಎನ್‌ವರೆಗಿನ 14 ಜೀನ್‌ಗಳ ಸಾಲು ಕ್ಷಯದಲ್ಲಿ ಇದೆ. ಕುಷ್ಠದಲ್ಲಿ ಇಡೀ ಸಾಲೇ ಅಳಿದುಹೋಗಿ ಒಂದು ಹುಸಿ ಜೀನಿನ (ಕೆಟ್ಟು ಕೆಲಸ ನಿಲ್ಲಿಸಿದ ಜೀನಿನ) ಅವಶೇಷ ಮಾತ್ರ ಉಳಿದಿದೆ. ಎರಡೂ ಒಂದೇ ಕುಲದವು, ಆದರೆ ಕ್ಷಯದ ಜೀನೋಮಿನಲ್ಲಿ ಸುಮಾರು 44 ಲಕ್ಷ ಡಿಎನ್‌ಎ ಅಕ್ಷರಗಳೂ ಸುಮಾರು 4,000 ಜೀನ್‌ಗಳೂ ಇದ್ದರೆ, ಕುಷ್ಠದ್ದರಲ್ಲಿ ಸುಮಾರು 33 ಲಕ್ಷ ಅಕ್ಷರಗಳು, ಕೆಲಸ ಮಾಡುವ ಸುಮಾರು 1,600 ಜೀನ್‌ಗಳು ಮತ್ತು 1,100ಕ್ಕೂ ಹೆಚ್ಚು ಹುಸಿ ಜೀನ್‌ಗಳಿವೆ ಎಂದು 2001ರಲ್ಲಿ ಪ್ರಕಟವಾದ ಜೀನೋಮ್ ತೋರಿಸಿತು. ಹ್ಯಾನ್ಸೆನ್ 1873ರಲ್ಲಿ ಕಂಡ ಈ ಬ್ಯಾಕ್ಟೀರಿಯಾವನ್ನು ಇಂದಿಗೂ ಕೃತಕ ಮಾಧ್ಯಮದಲ್ಲಿ ಬೆಳೆಸಲಾಗಿಲ್ಲ. ಇಲಿಯ ಪಾದದಲ್ಲೋ ಆರ್ಮಡಿಲೋದ ದೇಹದಲ್ಲೋ ಬೆಳೆಸಬೇಕು, ಅಲ್ಲಿಯೂ ಅದು ಇಮ್ಮಡಿಯಾಗಲು ಎರಡು ವಾರಗಳಷ್ಟು ಕಾಲ ಹಿಡಿಯುತ್ತದೆ. ಪಠ್ಯಪುಸ್ತಕ ಇದನ್ನೆಲ್ಲ ಬಿಡಿ ಮಾಹಿತಿಯಾಗಿ ಕೊಡುತ್ತದೆ. ಎರಡು ನಕ್ಷೆಗಳನ್ನು ಅಕ್ಕಪಕ್ಕ ಇಟ್ಟುಕೊಂಡವರಿಗೆ, ಆತಿಥೇಯ ಜೀವಕೋಶದ ಒಳಗೇ ಬದುಕಲು ಒಗ್ಗಿಕೊಂಡ ಜೀವಿಯೊಂದು ಏನೇನನ್ನು ಕೈಬಿಟ್ಟಿತು ಎಂಬುದು ಹಂತಹಂತವಾಗಿ ಕಾಣುತ್ತದೆ.

ಇನ್ನು ಎಚ್ಚರಿಕೆಯ ಮಾತು. ಹಸಿರು ಪೆಟ್ಟಿಗೆ ಎಂದರೆ ಹೋಲುವ ಜೀನ್ ಇದೆ ಎಂದಷ್ಟೇ ಅರ್ಥ, ಕಿಣ್ವ ಕೆಲಸ ಮಾಡುತ್ತಿದೆ ಎಂದಲ್ಲ. ದನಗಳಲ್ಲಿ ಕ್ಷಯ ತರುವ ಮೈಕೋಬ್ಯಾಕ್ಟೀರಿಯಮ್ ಬೋವಿಸ್ ಇದಕ್ಕೆ ತಕ್ಕ ಉದಾಹರಣೆ. ಅದರ ಪಿಎನ್‌ಸಿ-ಎ ಜೀನಿನಲ್ಲಿ ಒಂದೇ ಒಂದು ಅಕ್ಷರ ಬದಲಾಗಿ, ಪ್ರೋಟೀನಿನ 57ನೇ ಸ್ಥಾನದಲ್ಲಿ ಹಿಸ್ಟಿಡಿನ್ ಇರಬೇಕಾದಲ್ಲಿ ಆಸ್ಪಾರ್ಟಿಕ್ ಆಮ್ಲ ಬಂದಿದೆ. ಕ್ಷಯಕ್ಕೆ ಕೊಡುವ ಪೈರಜಿನಮೈಡ್ ಮಾತ್ರೆಯನ್ನು ಸಕ್ರಿಯ ರೂಪಕ್ಕೆ ತರುವುದು ಈ ಜೀನಿನಿಂದ ತಯಾರಾಗುವ ಕಿಣ್ವವೇ ಆದ್ದರಿಂದ, ಕಾಯಿಸದ ಹಾಲಿನಿಂದ ಈ ಸೋಂಕು ತಗುಲಿದ ರೋಗಿಗೆ ಆ ಔಷಧಿ ನಾಟುವುದಿಲ್ಲ. ಅನುಕ್ರಮದ ಹೋಲಿಕೆಯನ್ನು ಆಧರಿಸಿ ಬಣ್ಣ ಹಚ್ಚುವ ನಕ್ಷೆಯಲ್ಲಿ ಇಂಥ ಒಂದಕ್ಷರದ ವ್ಯತ್ಯಾಸ ಕಾಣಿಸಲು ಸಾಧ್ಯವಿಲ್ಲ. ಆದ್ದರಿಂದ ಪೆಟ್ಟಿಗೆಯನ್ನು ಒತ್ತಿ ಜೀನಿನ ಪುಟಕ್ಕೆ ಹೋಗಿ, ಅಲ್ಲಿರುವ ಅಮೈನೋ ಆಮ್ಲಗಳ ಸಾಲನ್ನು ಕ್ಷಯದ ಬ್ಯಾಕ್ಟೀರಿಯಾದಲ್ಲಿರುವ ಇದೇ ಜೀನಿನ (ಆರ್‌ವಿ2043ಸಿ) ಸಾಲಿನೊಂದಿಗೆ ಹೋಲಿಸಿ ನೋಡಲೇಬೇಕು.

ರಕ್ತಭೇದಿ ತರುವ ಶಿಗೆಲ್ಲಾ ಬ್ಯಾಕ್ಟೀರಿಯಾದ ವಿಷಯದಲ್ಲಿ ತೊಡಕು ಬೇರೆ ಬಗೆಯದು. ಲೈಸಿನ್ ಎಂಬ ಅಮೈನೋ ಆಮ್ಲವನ್ನು ಒಡೆಯುವ ಲೈಸಿನ್ ಡಿಕಾರ್ಬಾಕ್ಸಿಲೇಸ್ ಕಿಣ್ವದ ಪರೀಕ್ಷೆ ಮಾಡಿದವರಿಗೆ ಗೊತ್ತು: ಪ್ಯಾರಾಫಿನ್ ಎಣ್ಣೆ ಮುಚ್ಚಿಟ್ಟ ನಳಿಕೆಯಲ್ಲಿ ಇ. ಕೋಲೈ ಸಾಮಾನ್ಯವಾಗಿ ದ್ರವವನ್ನು ನೇರಳೆಯಾಗಿಯೇ ಉಳಿಸುತ್ತದೆ (ಕಿಣ್ವ ಇದೆ ಎಂಬುದರ ಗುರುತು), ಶಿಗೆಲ್ಲಾ ಹಳದಿಗೆ ತಿರುಗಿಸುತ್ತದೆ. ಇ. ಕೋಲೈ ವಂಶದಿಂದಲೇ ಬಂದ ಶಿಗೆಲ್ಲಾ ಆ ಕಿಣ್ವದ ಕ್ಯಾಡ್-ಎ ಜೀನನ್ನು ಕಳೆದುಕೊಂಡಿದೆ. ಬೇರೆಬೇರೆ ಶಿಗೆಲ್ಲಾ ಬಗೆಗಳು ಬೇರೆಬೇರೆ ರೀತಿಯಲ್ಲಿ ಕಳೆದುಕೊಂಡಿವೆ. ಕಿಣ್ವದಿಂದ ಹುಟ್ಟುವ ಕ್ಯಾಡವರಿನ್ ಶಿಗೆಲ್ಲಾದ ವಿಷದ ಕೆಲಸಕ್ಕೆ ಅಡ್ಡಿಯಾಗುತ್ತದೆಂದು 1998ರಲ್ಲಿ ತಿಳಿದುಬಂತು. ಕಳೆದುಕೊಳ್ಳುವುದೇ ಲಾಭವಾದ ಇಂಥ ಉದಾಹರಣೆ ವಿಕಾಸದ ಪಾಠಕ್ಕೆ ಅಮೂಲ್ಯವಾದದ್ದು. ಆದರೆ ಈ ಹೆಜ್ಜೆಗೆ ನಕ್ಷೆಯಲ್ಲಿರುವುದು 4.1.1.18 ಎಂಬ ಒಂದೇ ಪೆಟ್ಟಿಗೆ, ಇ. ಕೋಲೈಯಲ್ಲಿ ಅದೇ ಕೆಲಸದ ಎರಡನೇ ಜೀನ್ ಎಲ್‌ಡಿಸಿ-ಸಿ ಕೂಡ ಅದರೊಳಗೇ ಸೇರುತ್ತದೆ. ಎರಡರಲ್ಲಿ ಒಂದು ಹೋದರೂ ಇನ್ನೊಂದು ಇದ್ದರೆ ಪೆಟ್ಟಿಗೆ ಹಸಿರಾಗಿಯೇ ಉಳಿಯುತ್ತದೆ.

ಶುಲ್ಕದ ಬಗ್ಗೆ ಹೇಳುವುದು ಹೆಚ್ಚೇನಿಲ್ಲ. ಶೈಕ್ಷಣಿಕ ಬಳಕೆದಾರರು ಜಾಲತಾಣವನ್ನು ಉಚಿತವಾಗಿ ನೋಡಬಹುದು. ಇಡೀ ದತ್ತಾಂಶವನ್ನು ಎಫ್‌ಟಿಪಿ (ಕಡತ ವರ್ಗಾವಣೆ) ಮೂಲಕ ಇಳಿಸಿಕೊಳ್ಳಲು 2011ರಿಂದ ಚಂದಾ ಕಟ್ಟಬೇಕು. ಎರಡು ಮೂರು ರೋಗಾಣುಗಳನ್ನು ಹೋಲಿಸುವ ಕಾಲೇಜಿಗೆ ಅದರ ಅಗತ್ಯ ಬೀಳುವುದಿಲ್ಲ.

ನನ್ನ ಕೋರಿಕೆ ಒಂದೇ: ಹುಸಿ ಜೀನ್‌ಗಳಿಗೆ ಮೂರನೆಯ ಬಣ್ಣವೊಂದು ಬೇಕು. ಎಂದೂ ಇಲ್ಲದ ಜೀನಿಗೂ, ಇದ್ದು ಸತ್ತ ಜೀನಿಗೂ ಈಗ ಒಂದೇ ಬಿಳಿ. ಸದ್ಯಕ್ಕೆ ಕೆಗ್ ಮ್ಯಾಪರ್‌ನ ಬಣ್ಣ ಹಚ್ಚುವ ಸಾಧನದಲ್ಲಿ ಕಿಣ್ವಗಳ ಕೆ-ಸಂಖ್ಯೆಯನ್ನೂ (ಬೇರೆಬೇರೆ ಜೀವಿಗಳಲ್ಲಿ ಒಂದೇ ಕೆಲಸ ಮಾಡುವ ಜೀನ್‌ಗಳಿಗೆ ಕೆಗ್ ಕೊಡುವ ಸಾಮಾನ್ಯ ಸಂಖ್ಯೆ) ಬೇಕಾದ ಬಣ್ಣದ ಹೆಸರನ್ನೂ ಸಾಲುಸಾಲಾಗಿ ಬರೆದು ಕೊಟ್ಟು, ಕುಷ್ಠದ ಹುಸಿ ಜೀನ್‌ಗಳನ್ನು ನಾವೇ ಗುರುತು ಮಾಡಿಕೊಳ್ಳಬಹುದು.