ಮೈಕಿಲ್ಲದ ಮೂರು ದಿನ: ಕಾರವಾರದ ಶಾಸ್ತ್ರೀಯ ಗಿಟಾರ್ ಉತ್ಸವ

ಶಿರಸಿಯಲ್ಲಿ ಶಾಸ್ತ್ರೀಯ ಗಿಟಾರನ್ನು, ಅಂದರೆ ನೈಲಾನ್ ತಂತಿಗಳನ್ನು ಬೆರಳುಗಳಿಂದ ಮೀಟುವ ಪಾಶ್ಚಾತ್ಯ ಗಿಟಾರನ್ನು, ಎದುರು ಕೂರಿಸಿಕೊಂಡು ಕಲಿಸುವ ಗುರುಗಳು ನನಗೆ ಸಿಗಲಿಲ್ಲ. ಒಂಬತ್ತು ವರ್ಷಗಳಿಂದ ಮೊಬೈಲಿನ ವಿಡಿಯೊಗಳನ್ನೇ ನೋಡಿ ನುಡಿಸುತ್ತ ಬಂದಿದ್ದೇನೆ. ಹಾಗಾಗಿ ಕಾರವಾರದಲ್ಲಿ ಮೂರು ದಿನಗಳ ಉತ್ಸವ ನಡೆಯುತ್ತದೆಂದು ತಿಳಿದ ಕೂಡಲೇ, ಮಧ್ಯಾಹ್ನದ ಊಟವೂ ಸೇರಿದ 2,500 ರೂಪಾಯಿ ಶುಲ್ಕ ಕಟ್ಟಿ, ಗಿಟಾರ್ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ದೇವಿಮನೆ ಘಟ್ಟ ಇಳಿದು, ಕುಮಟಾ, ಅಂಕೋಲಾ ದಾಟಿ ಬಸ್ಸಿನಲ್ಲಿ ಹೋದೆ.

ಈ ಉತ್ಸವದ ಬಗ್ಗೆ ಮೊದಲು ಹೇಳಬೇಕಾದದ್ದು, ವೇದಿಕೆಯ ಮೇಲೆ ಮೈಕು ಇರಲಿಲ್ಲ ಎಂಬುದನ್ನು. ನೂರಿಪ್ಪತ್ತು ಜನ ಕೂರಬಹುದಾದ ಸಣ್ಣ ಸಭಾಂಗಣ. ಕಛೇರಿ ಆರಂಭವಾಗುವ ಹೊತ್ತಿಗೆ ಫ್ಯಾನುಗಳನ್ನೂ ನಿಲ್ಲಿಸುತ್ತಿದ್ದರು. ನೈಲಾನ್ ತಂತಿಯ ಗಿಟಾರಿನ ದನಿ ಸ್ವಭಾವತಃ ಸಣ್ಣದು. ಮೊಬೈಲಿನಲ್ಲಿ ಕೇಳುವಾಗ ಪಿಸುಮಾತಿನಷ್ಟು ಮೆಲ್ಲನೆ ನುಡಿಸಿದ ಸ್ವರವೂ ಬಲವಾಗಿ ಮೀಟಿದ ಸ್ವರವೂ ಹೆಚ್ಚುಕಡಿಮೆ ಒಂದೇ ಎತ್ತರದಲ್ಲಿ ಬರುವುದರಿಂದ, ಆ ಸಣ್ಣತನದೊಳಗೆ ಎಷ್ಟು ಅಂತಸ್ತುಗಳಿವೆ ಎಂಬುದು ಇಷ್ಟು ವರ್ಷ ನನಗೆ ಗೊತ್ತೇ ಆಗಿರಲಿಲ್ಲ. ಮೊದಲ ಸಂಜೆ ಸ್ಪೇನಿನ ಸಂಗೀತ ರಚನೆಕಾರ ಫ್ರಾನ್ಸಿಸ್ಕೊ ತಾರೆಗ ಅವರ ‘ರೆಕುವೆರ್ದೋಸ್ ದೆ ಲಾ ಅಲ್‌ಹಾಂಬ್ರ’ ನುಡಿಸುತ್ತಿದ್ದಾಗ ನಾನು ಎರಡನೆಯ ಸಾಲಿನಲ್ಲಿದ್ದೆ. ಹೆಬ್ಬೆರಳು ಕೆಳಗಿನ ಸ್ವರಗಳಲ್ಲಿ ನಡೆಯುತ್ತಿರುತ್ತದೆ. ಉಂಗುರದ ಬೆರಳು, ನಡುಬೆರಳು, ತೋರುಬೆರಳು ಒಂದೇ ಸ್ವರವನ್ನು ಒಂದರ ಹಿಂದೊಂದು ಮೀಟಿ ಅದನ್ನು ಎಳೆದ ನಾದದಂತೆ ಭಾಸವಾಗಿಸುತ್ತವೆ. ಇದನ್ನು ನೂರಾರು ಸಲ ಕೇಳಿದ್ದೇನೆ. ಆದರೆ ಮೇಲಿನ ಆ ಎಳೆ ಬಹುತೇಕ ಉಸಿರಿನಷ್ಟೇ ಹಗುರವಾಗಿರುತ್ತದೆ, ತುಣುಕಿನ ಭಾರವನ್ನೆಲ್ಲ ಹೆಬ್ಬೆರಳೇ ಹೊತ್ತಿರುತ್ತದೆ ಎಂಬುದು ಎದುರಿಗೆ ಕೂತಾಗಲೇ ತಿಳಿಯಿತು. ನಾನು ಮನೆಯಲ್ಲಿ ಇದಕ್ಕೆ ಸರಿಯಾಗಿ ತಿರುವುಮುರುವು ಮಾಡುತ್ತಿದ್ದೆ.

ಎರಡನೆಯ ದಿನದ ಮಾಸ್ಟರ್‌ಕ್ಲಾಸ್‌ಗೆ, ಅಂದರೆ ಗುರುಗಳು ಒಬ್ಬೊಬ್ಬರ ನುಡಿಸಾಣಿಕೆಯನ್ನು ಕೇಳುಗರೆದುರೇ ತಿದ್ದುವ ಪಾಠಕ್ಕೆ, ಎಂಟು ಜನರನ್ನು ಆಯ್ದಿದ್ದರು. ನಾನು ಒಯ್ದದ್ದು ಸ್ಪೇನಿನವರೇ ಆದ ಫೆರ್ನಾಂದೊ ಸೋರ್ ಅವರ ಬಿ ಮೈನರ್ ಅಭ್ಯಾಸದ ತುಣುಕು, ಓಪಸ್ (ಕೃತಿ ಸಂಖ್ಯೆ) 35ರ 22ನೆಯದು. ನಾಲ್ಕು ಸಾಲು ನುಡಿಸುವಷ್ಟರಲ್ಲಿ ಗುರುಗಳು ಕೈ ಎತ್ತಿ ನಿಲ್ಲಿಸಿ, ಮೇಲಿನ ಸ್ವರಗಳನ್ನು ಬಾಯಲ್ಲಿ ಹಾಡುತ್ತ ಉಳಿದದ್ದನ್ನು ಮಾತ್ರ ನುಡಿಸಲು ಹೇಳಿದರು. ನನ್ನಿಂದ ಆಗಲಿಲ್ಲ. ತಂಬೂರದ ಆಧಾರದ ಮೇಲೆ ಒಂದೇ ರಾಗದ ಎಳೆಯನ್ನು ಹಿಡಿದು ಸಾಗುವ ಹಿಂದುಸ್ತಾನಿ ಬೈಠಕ್‌ಗಳಲ್ಲಿ ಬೆಳೆದ ಕಿವಿ ನನ್ನದು. ಒಂದೇ ವಾದ್ಯದಲ್ಲಿ ಹಾಡು, ನಡುವಿನ ತುಂಬು ಸ್ವರಗಳು, ಮಂದ್ರದ ಆಧಾರ ಈ ಮೂರೂ ಬೇರೆ ಬೇರೆ ತೂಕದಲ್ಲಿ ಏಕಕಾಲಕ್ಕೆ ನಡೆಯಬೇಕೆಂಬುದನ್ನು ನಾನು ಓದಿದ್ದೆನೇ ಹೊರತು ಕೇಳಿಸಿಕೊಂಡಿರಲಿಲ್ಲ. ಗುರುಗಳು ನನ್ನ ಉಂಗುರದ ಬೆರಳಿನ ಉಗುರನ್ನು ನೋಡಿ, ಅದರ ಅಂಚು ಚೂಪಾಗಿರುವುದರಿಂದಲೇ ದನಿ ತೆಳ್ಳಗಾಗುತ್ತಿದೆ ಎಂದರು. ತಾವೇ ಅರದಿಂದ ಉಜ್ಜಿ, ತಂತಿಗಳನ್ನು ಕಟ್ಟುವ ಕುದುರೆಯ ಬಳಿಯಿಂದ ಕೈಯನ್ನು ಎರಡು ಬೆರಳಿನಷ್ಟು ಈಚೆ ಸರಿಸಿ ಕೂರಿಸಿದರು. ಅದೇ ಗಿಟಾರು, ಅದೇ ತಂತಿ; ದನಿ ಬೇರೆಯಾಯಿತು. ಈ ಇಪ್ಪತ್ತೈದು ನಿಮಿಷಕ್ಕೇ ಇಡೀ ಶುಲ್ಕ ಸಂದಿತೆಂದು ನಾನು ಭಾವಿಸುತ್ತೇನೆ.

ವಾದ್ಯ ತಯಾರಕರೊಬ್ಬರ ಗೋಷ್ಠಿಯೂ ನಮ್ಮ ಕರಾವಳಿಯವರಿಗೆ ಹೇಳಿಮಾಡಿಸಿದಂತಿತ್ತು. ಇಂದಿನ ಶಾಸ್ತ್ರೀಯ ಗಿಟಾರಿನ ಆಕಾರವನ್ನು 19ನೆಯ ಶತಮಾನದಲ್ಲಿ ಸ್ಪೇನಿನ ಅಂತೋನಿಯೊ ದೆ ತೊರೆಸ್ ಹೇಗೆ ರೂಪಿಸಿದರು, 650 ಮಿಲಿಮೀಟರ್ ತಂತಿಯುದ್ದ ಹೇಗೆ ರೂಢಿಯಾಯಿತು ಎಂದು ವಿವರಿಸಿ, ಅವರು ತಮ್ಮ ಗಿಟಾರಿನ ಹಿಂಬದಿಯನ್ನು ತೋರಿಸಿದರು: ಅದು ನಮ್ಮ ಘಟ್ಟದ ಬೀಟೆ, ಅಂದರೆ ಇಂಡಿಯನ್ ರೋಸ್‌ವುಡ್. ಬ್ರೆಜಿಲಿನ ರೋಸ್‌ವುಡ್‌ನ ಅಂತರರಾಷ್ಟ್ರೀಯ ವ್ಯಾಪಾರಕ್ಕೆ 1992ರಲ್ಲಿ ನಿಷೇಧ ಬಿದ್ದ ಮೇಲೆ ಬೀಟೆಯ ಬೇಡಿಕೆ ಇನ್ನಷ್ಟು ಹೆಚ್ಚಿತಂತೆ. ಅಜ್ಜನ ಮನೆಯ ಮಂಚದ ಮರ ಅಷ್ಟು ದೂರ ಹೋಗಿ ಹಾಡುತ್ತದೆಂಬುದು ನನಗೆ ಬಹಳ ಸಂತೋಷ ಕೊಟ್ಟ ಸಂಗತಿ. ಗಿಟಾರಿಗೆ ಶೇ. 45ರಿಂದ 55ರಷ್ಟು ತೇವಾಂಶ ಹಿತವೆಂದೂ, ಮಳೆಗಾಲದಲ್ಲಿ ಇಲ್ಲಿ ಅದು ಶೇ. 80 ದಾಟುವುದರಿಂದ ಮೇಲ್ಹಲಗೆ ಉಬ್ಬಿ, ತಂತಿಗಳು ಎತ್ತರಕ್ಕೇರಿ, ದನಿ ಮಂಕಾಗುತ್ತದೆಂದೂ ಅವರು ಹೇಳಿದರು. ಎರಡು ಮಳೆಗಾಲಗಳ ಹಿಂದೆ ನನ್ನ ಗಿಟಾರಿನ ಕುದುರೆ ಅಂಟು ಬಿಟ್ಟು ಎದ್ದದ್ದೇಕೆಂಬುದು ಆಗ ಅರ್ಥವಾಯಿತು. ವಾದ್ಯವನ್ನು ಗೋಡೆಗೆ ನೇತುಹಾಕದೆ, ಸಿಲಿಕಾ ಜೆಲ್ ಪೊಟ್ಟಣ ಮತ್ತು ಸಣ್ಣ ತೇವಮಾಪಕದೊಂದಿಗೆ ಮುಚ್ಚಿದ ಪೆಟ್ಟಿಗೆಯಲ್ಲೇ ಇಡಬೇಕೆಂಬ ಸಲಹೆಯನ್ನು ಈಗ ಪಾಲಿಸುತ್ತಿದ್ದೇನೆ.

ಕೊರತೆಗಳನ್ನೂ ಹೇಳಲೇಬೇಕು. ಕಾರ್ಯಕ್ರಮದ ಹಾಳೆಯೂ ನಿರೂಪಣೆಯೂ ಇಂಗ್ಲಿಷಿನಲ್ಲಿ ಮಾತ್ರ ಇದ್ದವು. ಕನ್ನಡ, ಕೊಂಕಣಿ ಮಾತಾಡುವ ಸಭೆಗೆ, ಬಾಖ್ ಅವರ ಸೂಟ್ ಎಂದರೆ ಹಲವು ನೃತ್ಯಗಳ ಸರಣಿ, ಕೊನೆಯದು ಮುಗಿದ ಮೇಲೆ ಚಪ್ಪಾಳೆ ತಟ್ಟುವುದು ವಾಡಿಕೆ ಎಂದು ಎರಡು ವಾಕ್ಯ ಹೇಳಿದ್ದರೆ ಸಾಕಾಗಿತ್ತು; ಹೇಳದೇ ಹೋದದ್ದರಿಂದ ನಡುನಡುವೆ ಚಪ್ಪಾಳೆ ಬಿದ್ದು, ತಟ್ಟಿದವರು ಮುಜುಗರಪಟ್ಟುಕೊಂಡರು. ತಪ್ಪು ಅವರದಲ್ಲ. ಮೂರನೆಯ ದಿನ ಹವ್ಯಾಸಿಗಳ ವೇದಿಕೆಗೆ ತಲಾ ಹತ್ತು ನಿಮಿಷವೆಂದು ಪ್ರಕಟಿಸಿ, ಹಿಂದಿನ ಗೋಷ್ಠಿ ತಡವಾಯಿತೆಂದು ನಾಲ್ಕಕ್ಕೆ ಇಳಿಸಿದರು. ತಿಂಗಳುಗಟ್ಟಲೆ ತಯಾರಿ ಮಾಡಿಕೊಂಡು ಕುಂದಾಪುರದಿಂದ ಬಂದಿದ್ದ ಹುಡುಗಿಯೊಬ್ಬಳು ತುಣುಕಿನ ಅರ್ಧಕ್ಕೇ ಎದ್ದು ಬರಬೇಕಾಯಿತು. ನನಗಂತೂ ಇದು ಮೂರು ದಿನಗಳಲ್ಲಿ ಅತ್ಯಂತ ನೋವಿನ ಗಳಿಗೆ. ಕೈ ಬೆಚ್ಚಗೆ ಮಾಡಿಕೊಳ್ಳಲು ಪ್ರತ್ಯೇಕ ಕೋಣೆಯೂ ಇರಲಿಲ್ಲ. ಊಟ ಚೆನ್ನಾಗಿತ್ತು.

ಹೋಗಬಯಸುವವರು ನುಡಿಸುವಾಗ ಎಡಗಾಲು ಇಡುವ ಕಾಲುಮಣೆಯನ್ನು ತಾವೇ ಒಯ್ಯಬೇಕು, ಅಲ್ಲಿ ಎಂಟು ಜನರಿಗೆ ಮೂರೇ ಇದ್ದವು. ಕಛೇರಿಗಳಿಗೆ ಮೊದಲ ನಾಲ್ಕು ಸಾಲುಗಳಲ್ಲಿ ಜಾಗ ಹಿಡಿಯಬೇಕು. ಹಿಂದಿನ ಸಾಲುಗಳಲ್ಲಿ ಕಡಲ ಕಡೆಯ ಕಿಟಕಿಗಳಿಂದ ಹೆದ್ದಾರಿಯ ಸದ್ದು ಬರುತ್ತದೆ. ಮಾಸ್ಟರ್‌ಕ್ಲಾಸ್‌ಗೆ ಆಯ್ಕೆಯಾಗದಿದ್ದರೂ ಕೇಳುಗರಾಗಿ ಕೂರಲು 300 ರೂಪಾಯಿಗೆ ಅವಕಾಶವಿದೆ. ಉಳಿದ ಏಳು ಜನರ ಪಾಠಗಳಿಗೆ ನಾನು ಹಾಗೆಯೇ ಕೂತೆ. ನನ್ನ ವಹಿಯಲ್ಲಿ ಆ ಏಳು ಪಾಠಗಳ ಟಿಪ್ಪಣಿಯೇ ಹದಿನಾಲ್ಕು ಪುಟಗಳಷ್ಟಿದೆ.